ಹಳೆ ತಾಮ್ರದ ತೂಕ

ತಾಮ್ರದ ಹಂಡೆಯನ್ನು ಕೊಳ್ಳುವಾಗಲೂ ತೂಗುತ್ತಿದ್ದರು, ಮಾರುವಾಗಲೂ ತೂಗುತ್ತಿದ್ದರು. ನಡುವಿನ ನಲವತ್ತೋ ಐವತ್ತೋ ವರ್ಷ ಅದು ಬಚ್ಚಲುಮನೆಯ ಒಲೆಯ ಮೇಲೆ ಕೂತು ಮನೆಮಂದಿಗೆಲ್ಲ ನೀರು ಕಾಯಿಸುತ್ತಿತ್ತು. ಪಾತ್ರೆ ಅಂಗಡಿಯ ಲೆಕ್ಕದಲ್ಲಿ ಎರಡು ಬಾಬತ್ತು: ಲೋಹದ ದರ, ಅದರ ಮೇಲೆ ಕೆಲಸದ ಕೂಲಿ. ಹಂಡೆ ತೂತಾಗಿ ಹೊರಬಿದ್ದ ದಿನ ಕೂಲಿಯ ದುಡ್ಡು ಹೋದಂತೆ, ಲೋಹದ ದುಡ್ಡು ತಕ್ಕಡಿಯಲ್ಲಿ ಮರಳಿ ಬರುತ್ತಿತ್ತು. ಮಣ್ಣಿನ ಮಡಕೆ ಒಡೆದರೆ ತಿಪ್ಪೆಗೆ, ಮರದ ಮರಿಗೆ ಸೀಳಿದರೆ ಒಲೆಗೆ. ತಾಮ್ರ, ಹಿತ್ತಾಳೆ, ಕಂಚು ಮಾತ್ರ ಅಟ್ಟಕ್ಕೆ. ಅಟ್ಟದ ಮೂಲೆಯಲ್ಲಿ ಕಿಲುಬು ಹಿಡಿದು ಕೂತ ಆ ರಾಶಿಯನ್ನು ಬಡ್ಡಿ ಬಾರದ ಠೇವಣಿ ಎನ್ನಬಹುದು.

ಹಳೆ ತಾಮ್ರಕ್ಕೆ ಈ ಮರ್ಯಾದೆ ಬಂದದ್ದು ಹೊಸ ತಾಮ್ರದ ಅಭಾವದಿಂದ. ಕರ್ನಾಟಕದಲ್ಲಿ ತಾಮ್ರದ ಅದಿರು ಇಲ್ಲವೆಂದಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳ್, ಅರಸೀಕೆರೆ ತಾಲ್ಲೂಕಿನ ಕಲ್ಯಾಡಿ, ಕೃಷ್ಣಾ ದಂಡೆಯ ತಿಂಥಣಿ ಭೂವಿಜ್ಞಾನಿಗಳಿಗೆ ಪರಿಚಿತ ಹೆಸರುಗಳು. ಇಂಗಳದಾಳ್ ಮತ್ತು ಕಲ್ಯಾಡಿಯಲ್ಲಿ ಹಿಂದಿನವರು ತೋಡಿದ ಗುಂಡಿಗಳ ಗುರುತು ಸಿಕ್ಕಿದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಮತ್ತೆ ಗಣಿ ನಡೆದು ನಿಂತಿತು. ಆದರೆ ನಾಡಿನ ಅಡುಗೆಮನೆ, ಬಚ್ಚಲುಮನೆ, ದೇವರಮನೆಗಳನ್ನೆಲ್ಲ ತುಂಬುವಷ್ಟು ಲೋಹ ಈ ಗುಡ್ಡಗಳಿಂದ ಬಂದಿರಲಾರದು. ಹೆಚ್ಚಿನ ಪಾಲು ಹಡಗಿನಲ್ಲಿ ಬಂತು, ಕರಾವಳಿಯಲ್ಲಿ ಇಳಿದು ಘಟ್ಟ ಹತ್ತಿತು.

ಕರಾವಳಿಯಲ್ಲಿ ಹಳೆ ತಾಮ್ರದ ವ್ಯವಹಾರ ಎಷ್ಟು ಹಿಂದಿನದು ಎಂಬುದಕ್ಕೆ ಸಾಕ್ಷಿ ಸಿಕ್ಕಿರುವುದು ಕೈರೋ ನಗರದಲ್ಲಿ. ಅಲ್ಲಿನ ಬೆನ್ ಎಜ್ರಾ ಸಿನಗಾಗಿನ ಒಂದು ಕೋಣೆಯಲ್ಲಿ ಯಹೂದಿಗಳು ಶತಮಾನಗಳ ಕಾಲ ಹಳೆಯ ಕಾಗದಗಳನ್ನು ಎಸೆಯದೆ ತುಂಬಿಟ್ಟಿದ್ದರು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಅವರು ಅದರ ದೊಡ್ಡ ಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳಿದ್ದವು. ಟುನೀಶಿಯಾದಿಂದ ಬಂದ ಈತ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರದಲ್ಲಿ ಊರಿನ ಹೆಸರಿದೆ. 1149ರಲ್ಲಿ ಏಡನ್‌ಗೆ ಮರಳುವವರೆಗೆ ಈತ ಈ ಕರಾವಳಿಯಲ್ಲಿ ಮೆಣಸು, ಕಬ್ಬಿಣಗಳ ವ್ಯಾಪಾರದ ಜೊತೆಗೆ ಒಂದು ಕಂಚುಗಾರಿಕೆಯ ಕಾರ್ಖಾನೆಯನ್ನೂ ನಡೆಸಿದ. ಏಡನ್‌ನ ಗಿರಾಕಿಗಳು ಅವನಿಗೆ ತಾಮ್ರ, ತವರಗಳ ಜೊತೆಗೆ ಒಡೆದ, ಸವೆದ ಪಾತ್ರೆಗಳನ್ನೂ ಹಡಗಿನಲ್ಲಿ ಕಳಿಸುತ್ತಿದ್ದರು. ಅವನ್ನು ಇಲ್ಲಿ ಕರಗಿಸಿ, ಅವರು ಹೇಳಿದ ಅಳತೆಗೆ ಹೊಸ ಪಾತ್ರೆ ಮಾಡಿ ಹಿಂದಕ್ಕೆ ಕಳಿಸಬೇಕು. ಎಸ್. ಡಿ. ಗೊಯ್ಟೈನ್ ಈ ಪತ್ರಗಳನ್ನು ಓದಿ ಜೋಡಿಸಿದರು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಬೆನ್ ಯಿಜು ಮತ್ತು ಅವನ ಆಳು ಬೊಮ್ಮನ ಬೆನ್ನು ಹತ್ತಿ ಮಂಗಳೂರಿಗೇ ಬಂದರು. ಒಡಕು ಪಾತ್ರೆ ಅರಬ್ಬಿ ಸಮುದ್ರ ದಾಟಿ ಬಂದು, ಹೊಸದಾಗಿ ತಿರುಗಿ ಹೋದರೂ ಲಾಭ ಉಳಿಯುತ್ತಿತ್ತು ಎಂದರೆ ಲೋಹದ ಬೆಲೆಯನ್ನೂ ಇಲ್ಲಿನ ಕೈಕೆಲಸದ ಹೆಸರನ್ನೂ ಊಹಿಸಬಹುದು.

ಮುಂದೆ ಪೋರ್ಚುಗೀಸರು ಮೆಣಸು ಕೊಳ್ಳಲು ಹೊತ್ತು ತಂದ ಮುಖ್ಯ ಸರಕುಗಳಲ್ಲಿ ತಾಮ್ರವೂ ಒಂದು. 2008ರಲ್ಲಿ ನಮೀಬಿಯಾದ ಕಡಲತಡಿಯ ವಜ್ರದ ಗಣಿಯಲ್ಲಿ ಸಿಕ್ಕ ಹಡಗಿನ ಅವಶೇಷವೇ ಇದನ್ನು ಕಣ್ಣಿಗೆ ಕಟ್ಟಿಸುತ್ತದೆ. 1533ರಲ್ಲಿ ಭಾರತಕ್ಕೆಂದು ಹೊರಟ ಬೋಮ್ ಜೀಸಸ್ ಎಂದು ಗುರುತಿಸಲಾದ ಅದರಲ್ಲಿ 1,800ಕ್ಕೂ ಹೆಚ್ಚು ತಾಮ್ರದ ಗಟ್ಟಿಗಳಿದ್ದವು. ಅವುಗಳ ಮೇಲೆ ಜರ್ಮನಿಯ ಔಗ್ಸ್‌ಬರ್ಗ್‌ನ ಫುಗ್ಗರ್ ಮನೆತನದ ತ್ರಿಶೂಲದ ಮುದ್ರೆಯಿತ್ತು. 17ನೇ ಶತಮಾನದಲ್ಲಿ ಡಚ್ಚರು ಜಪಾನಿನ ತಾಮ್ರದ ಸರಳುಗಳನ್ನು ಸೂರತ್, ಮಲಬಾರ್, ಚೋಳಮಂಡಲ ತೀರಗಳಿಗೆ ತಂದರು. 18ನೇ ಶತಮಾನದಲ್ಲಿ ಇಂಗ್ಲಿಷರ ಕಂಪನಿ ಬ್ರಿಟನ್ನಿನ ತಾಮ್ರ ತಂದಿತು. ಹೀಗೆ ಬಂದ ಲೋಹ ಒಮ್ಮೆ ಮೂಸೆಗೆ ಬಿದ್ದ ಮೇಲೆ ಅದರ ಊರು ಯಾವುದೆಂದು ಹೇಳಲಾಗದು. ಈಗ ಮೈಸೂರು ಕಡೆಯ ಮನೆಯೊಂದರಲ್ಲಿರುವ ಚೆಂಬಿನಲ್ಲಿ ಜಪಾನಿನದೂ ಕಾರ್ನ್‌ವಾಲಿನದೂ ಕಲೆತಿದ್ದರೆ ಅಚ್ಚರಿಯಿಲ್ಲ.

ಈ ಲೋಹವನ್ನು ಪಾತ್ರೆಯಾಗಿಸಿದವರು ಕಂಚುಗಾರರು. ಉತ್ತರ ಕರ್ನಾಟಕದಲ್ಲಿ ತಾಂಬಟರು, ಕಾಸಾರರು ಎಂಬ ಹೆಸರುಗಳೂ ಇವೆ. ಪಾತ್ರೆ ಮಾಡುವ, ಮಾರುವ ಜೈನ ಸಮುದಾಯಕ್ಕೆ ಬೋಗಾರರು ಎಂದು ಹೆಸರು. ಹುಬ್ಬಳ್ಳಿಯ ಕಂಚಗಾರ ಗಲ್ಲಿ, ಬೆಳಗಾವಿಯ ಬೋಗಾರ್‌ವೇಸ್ ಆ ಕಸುಬುಗಳ ನೆನಪನ್ನು ಬೀದಿಯ ಹೆಸರಿನಲ್ಲಿ ಉಳಿಸಿಕೊಂಡಿವೆ. ನಾಗಮಂಗಲದ ಲೋಹದ ಕೆಲಸ ಇಂದಿಗೂ ಪ್ರಸಿದ್ಧ.

ತಾಮ್ರದ ಸ್ವಭಾವ ಕಬ್ಬಿಣಕ್ಕೆ ತಿರುಗುಮುರುಗು. ಬಡಿದಷ್ಟೂ ಗಡುಸಾಗುತ್ತದೆ, ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಮೆತ್ತಗಾಗುತ್ತದೆ. ಹೀಗೆ ಕಾಯಿಸುತ್ತ, ಬಡಿಯುತ್ತ ತಗಡನ್ನು ಹೊಟ್ಟೆ, ಹೆಗಲು, ಕಂಠ ಎಂದು ಎಬ್ಬಿಸಿ, ಅಂಚುಗಳನ್ನು ಹಲ್ಲುಹಲ್ಲಾಗಿ ಕತ್ತರಿಸಿ ಒಂದರೊಳಗೊಂದು ಸಿಕ್ಕಿಸಿ, ಹಿತ್ತಾಳೆಯ ಪುಡಿ ಮತ್ತು ಬಿಳಿಗಾರ ಹಾಕಿ ಬೆಸೆಯುತ್ತಿದ್ದರು. ಹಳೆ ಹಂಡೆಯ ನಡುವಿನಲ್ಲಿ ಹಳದಿ ಬಣ್ಣದ ಅಂಕುಡೊಂಕು ಗೆರೆ ಕಂಡರೆ ಅದು ಈ ಬೆಸುಗೆಯದು. ಒಡೆದದ್ದನ್ನು ತಂದುಕೊಟ್ಟವನಿಗೆ ಕಂಚುಗಾರ ಎರಡು ದಾರಿ ತೋರಿಸುತ್ತಿದ್ದ: ತೇಪೆ ಹಾಕಿಸಿಕೋ, ಇಲ್ಲವೇ ತೂಕಕ್ಕೆ ತೂಕ ಬಿಟ್ಟು ಹೊಸದನ್ನು ಒಯ್ಯಿ, ಕರಗುವಾಗಿನ ಸವಕಳಿ ಮತ್ತು ಕೂಲಿ ಮಾತ್ರ ಕೊಟ್ಟರಾಯಿತು. ಗುಜರಿ ಅಂಗಡಿ ಹುಟ್ಟುವ ಮೊದಲು ಹಳೆ ತಾಮ್ರದ ಪರೀಕ್ಷಕನೂ ಖರೀದಿದಾರನೂ ಅವನೇ.

ಪಾತ್ರೆಯ ಆಯುಸ್ಸನ್ನು ಕಾಯ್ದವನು ಕಲಾಯಿಯವನು. ಹುಳಿ ಬಿದ್ದರೆ ತಾಮ್ರ ಕಿಲುಬುತ್ತದೆ; ಕಿಲುಬಿದ ಪಾತ್ರೆಯ ಅಡುಗೆ ಹೊಟ್ಟೆಗೆ ಒಗ್ಗದು. ಅದಕ್ಕೇ ಅಡುಗೆಯ ಪಾತ್ರೆಗಳ ಒಳಮೈಗೆ ತವರದ ಲೇಪ ಬೇಕು. ಕಲಾಯಿಯವನು ಬೀದಿ ಬದಿಯಲ್ಲಿ ಗುಂಡಿ ತೋಡಿ, ತಿದಿ ಒತ್ತಿ, ಪಾತ್ರೆ ಕಾದಾಗ ನವಸಾಗರ ಎರಚುತ್ತಿದ್ದ. ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿಯನ್ನು ತಾಕಿಸಿ, ಅರಳೆಯಿಂದ ಒಂದೇ ಸುತ್ತು ಒರೆಸಿದರೆ ಕೆಂಪು ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಈ ಬೆಳ್ಳಗಿನ ಪದರವೇ ಮುಂದೆ ಗುಜರಿಯ ತಕ್ಕಡಿಯಲ್ಲಿ ತಕರಾರು ಎಬ್ಬಿಸುವುದು.

ತಾಮ್ರ ಹಣವೂ ಆಗಿತ್ತು. ಕನ್ನಡದಲ್ಲಿ ಹಣಕ್ಕೆ ಬಳಕೆಯಲ್ಲಿರುವ ‘ದುಡ್ಡು’ ಮೂಲತಃ ಒಂದು ತಾಮ್ರದ ನಾಣ್ಯದ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೆ ಕನ್ನಡ ಅಕ್ಷರಗಳಿವೆ. ದಾನದತ್ತಿಗಳ ದಾಖಲೆಯೂ ತಾಮ್ರದ ಮೇಲೆಯೇ ಇತ್ತು. ಹಳೆಯ ಬರಹವನ್ನು ಬಡಿದು ಅಳಿಸಿ ಅದೇ ತಗಡಿನ ಮೇಲೆ ಬೇರೆ ಶಾಸನ ಕೊರೆದ ಉದಾಹರಣೆಗಳು ಭಾರತದಲ್ಲಿ ಸಿಕ್ಕಿವೆ. ಆಚಂದ್ರಾರ್ಕ ಬಾಳಲೆಂದು ಕೊರೆಸಿದ್ದಕ್ಕೂ ಮರುಬಳಕೆ ತಪ್ಪಲಿಲ್ಲ.

ಮನೆಯ ಮಟ್ಟದಲ್ಲಿ ಈ ಹಣದ ಗುಣ ಎದ್ದು ಕಾಣುತ್ತಿದ್ದುದು ಕಷ್ಟ ಬಂದಾಗ. ಬರಗಾಲದ ವರ್ಷ, ಮದುವೆಯ ವರ್ಷ, ಕಾಯಿಲೆಯ ವರ್ಷ ಮೊದಲು ಗಿರವಿಗೆ ಹೋಗುತ್ತಿದ್ದುದು ಚಿನ್ನ. ಚಿನ್ನವಿಲ್ಲದ ಮನೆಯಲ್ಲಿ ಕೊಡ, ಕೊಪ್ಪರಿಗೆ, ತಂಬಿಗೆ. ಸಾಲಗಾರನ ಪಾತ್ರೆಪಡಗಗಳನ್ನು ಹೊರಗೆಳೆದು ಹಾಕುವುದು ಆಡುಮಾತಿನ ಉತ್ಪ್ರೇಕ್ಷೆಯಲ್ಲ. ಅದಕ್ಕೇ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಸಾಲಗಾರನ, ಅವನ ಹೆಂಡತಿ ಮಕ್ಕಳ ಅಗತ್ಯದ ಬಟ್ಟೆಬರೆ, ಹಾಸಿಗೆ, ಅಡುಗೆ ಪಾತ್ರೆಗಳನ್ನು ಜಪ್ತಿ ಮಾಡಕೂಡದೆಂದು ಹೇಳುತ್ತದೆ. ಪಾತ್ರೆಗೆ ಹೀಗೆ ಬೆಲೆಯಿದ್ದುದರಿಂದಲೇ ಅದರ ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸುತ್ತಿದ್ದರು: ಕೊಟ್ಟವರದು, ಮದುವೆಯ ದಿನಾಂಕ, ಕೆಲವೊಮ್ಮೆ ಊರು. ತವರಿನಿಂದ ಬಂದ ಕೊಡ ಯಾರದೆಂದು ನಾಳೆ ಪಾಲಿನ ಹೊತ್ತಿನಲ್ಲಿ ತಕರಾರು ಬೇಡ ಎಂಬ ಎಚ್ಚರಿಕೆಯೂ ಅದರಲ್ಲಿದೆ.

ಎರಡನೇ ಮಹಾಯುದ್ಧದಲ್ಲಿ ಲೋಹದ ಬರ ಬಂದಾಗ ಸರ್ಕಾರ 1943ರಿಂದ ಒಂದು ಪೈಸೆಯ ಕಂಚಿನ ನಾಣ್ಯದ ನಡುವೆ ತೂತು ಬಿಟ್ಟು ಟಂಕಿಸಿತು. ಲೋಹ ಉಳಿಯಿತು, ಆದರೆ ಜನ ಆ ತೂತು ಕಾಸನ್ನು ಬೋಲ್ಟಿನ ವಾಷರ್ ಆಗಿ ಬಳಸಿಕೊಂಡರು. ನಾಣ್ಯದ ಮುಖಬೆಲೆಗಿಂತ ಅದರ ಲೋಹದ ಬೆಲೆ ಏರಿದಾಗಲೆಲ್ಲ ಅದು ಮೂಸೆಯ ದಾರಿ ಹಿಡಿಯುವುದು ಹಳೆಯ ಚಾಳಿ; 1971ರಲ್ಲಿ ಚಿಲ್ಲರೆ ನಾಣ್ಯ ಕರಗಿಸುವುದನ್ನು ಅಪರಾಧವೆಂದು ಕಾಯಿದೆಯನ್ನೇ ಮಾಡಬೇಕಾಯಿತು.

ತಾಮ್ರವನ್ನು ಮನೆಯಿಂದ ಹೊರಡಿಸಿದ್ದು ಬೇರೆ ಲೋಹಗಳು. ಮೊದಲು ಅಲ್ಯೂಮಿನಿಯಂ. ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1898ರ ಸುಮಾರಿಗೆ ಅಲ್ಯೂಮಿನಿಯಂ ಪಾತ್ರೆ ಮಾಡುವುದನ್ನು ಶುರುಮಾಡಿದರು; ಅದು ಯಶಸ್ವಿಯಾಗಿ ಕೆಲವೇ ವರ್ಷಗಳಲ್ಲಿ ಕಂಪನಿಯೊಂದರ ಕೈಗೆ ಹೋಯಿತು. ಇದೇ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು. ಹಗುರ, ಅಗ್ಗ, ಕಲಾಯಿಯ ಖರ್ಚಿಲ್ಲ. ಆದರೂ ಅಲ್ಯೂಮಿನಿಯಂಗೆ ಬಡವರ ಪಾತ್ರೆ ಎಂಬ ಹೆಸರೇ ಅಂಟಿತು. ತಾಮ್ರಕ್ಕೆ ನಿಜವಾದ ಪೆಟ್ಟು ಕೊಟ್ಟದ್ದು ಸ್ಟೇನ್‌ಲೆಸ್ ಸ್ಟೀಲು. 1960–70ರ ದಶಕಗಳಲ್ಲಿ ಸ್ಟೀಲು ಮಧ್ಯಮವರ್ಗದ ಅಡುಗೆಮನೆಗೆ ನುಗ್ಗಿದಾಗ ಪಾತ್ರೆ ಅಂಗಡಿಗಳು ಹಳೆ ಹಿತ್ತಾಳೆ, ತಾಮ್ರ ತೂಗಿಸಿಕೊಂಡು ಹೊಳೆಯುವ ಡಬ್ಬಿ, ತಟ್ಟೆ, ಲೋಟ ಕೊಟ್ಟವು. ಆ ವಿನಿಮಯದಲ್ಲಿ ಮನೆಗಳು ಸೋತದ್ದೇ ಹೆಚ್ಚು ಎನ್ನಬೇಕು. ಅಜ್ಜಿಯ ಕಾಲದ ದಪ್ಪ ತಾಮ್ರ ಹೋಗಿ ತೆಳು ಸ್ಟೀಲು ಬಂತು, ಅದನ್ನು ಮರಳಿ ಮಾರಿದರೆ ಸಿಗುವುದು ಅಲ್ಪ. ತಿಕ್ಕುವ ಕೈಗಳಿಗೆ ಹುಣಿಸೆಹಣ್ಣು, ಬೂದಿಗಳಿಂದ ಬಿಡುಗಡೆ ಸಿಕ್ಕಿತೆಂಬುದೂ ನಿಜ. ಸೋಲು ಗೆಲುವಿನ ಲೆಕ್ಕ ಹಾಕುವವರು ತಿಕ್ಕಿದವರನ್ನು ಕೇಳಿದ್ದು ಕಡಿಮೆ. ಬಚ್ಚಲ ಒಲೆಗೆ ಬದಲಾಗಿ ಗೀಸರ್ ಬಂದ ಮೇಲೆ ಹಂಡೆಯೂ ಅಟ್ಟ ಸೇರಿತು.

ಅಲ್ಲಿಂದ ಅದನ್ನು ಇಳಿಸಿಕೊಂಡವನು ಗುಜರಿಯವನು. ಬೆಂಗಳೂರಿನ ಜಾಲಿ ಮೊಹಲ್ಲಾ ಈ ವಹಿವಾಟಿನ ಹಳೆಯ ನೆಲೆ. ಸೈಕಲ್ಲಿನಲ್ಲೋ ತಳ್ಳುಗಾಡಿಯಲ್ಲೋ ಬೀದಿ ತಿರುಗುವವನು ಚಿಲ್ಲರೆಯಾಗಿ ಕೊಳ್ಳುತ್ತಾನೆ, ಬಡಾವಣೆಯ ಅಂಗಡಿಯವನು ಕೂಡಿಹಾಕುತ್ತಾನೆ, ದೊಡ್ಡ ವ್ಯಾಪಾರಿ ಬೇರ್ಪಡಿಸಿ ಕುಲುಮೆಗೆ ಕಳಿಸುತ್ತಾನೆ. ಪ್ರತಿ ಮೆಟ್ಟಿಲಿನಲ್ಲೂ ಲಾಭ ನಿಂತಿರುವುದು ಗುರುತಿಸುವ ಜಾಣ್ಮೆಯ ಮೇಲೆ. ಮೇಲಿನವನಿಗೆ ಗೊತ್ತಿದ್ದು ಕೆಳಗಿನವನಿಗೆ ಗೊತ್ತಿಲ್ಲದಿದ್ದರೆ ಅದೇ ಲಾಭ.

ಒಂದು ಹಂಡೆ ಅಂಗಡಿಗೆ ಬಂದಾಗ ನಡೆಯುವುದನ್ನು ಹತ್ತಿರದಿಂದ ನೋಡಬಹುದು. ಮೊದಲು ಅಯಸ್ಕಾಂತ. ಶುದ್ಧ ತಾಮ್ರ, ಹಿತ್ತಾಳೆ, ಕಂಚು ಯಾವುದೂ ಅದಕ್ಕೆ ಅಂಟುವುದಿಲ್ಲ. ಕಿವಿಯ ಬಳೆ ಅಂಟಿದರೆ ಅದು ಕಬ್ಬಿಣದ್ದು, ಕಳಚಬೇಕು. ಮಸಿ ಹಿಡಿದ ತಳವನ್ನು ಒಂದು ಕಡೆ ಅರದಿಂದ ಉಜ್ಜುತ್ತಾರೆ. ಒಳಗಿನ ಬಣ್ಣ ಕೆಂಪು, ಹಸಿ ಮಾಂಸದ ಹಾಗಿದ್ದರೆ ತಾಮ್ರ. ಹಳದಿಯಾದರೆ ಹಿತ್ತಾಳೆ, ಅಂದರೆ ನೂರಕ್ಕೆ ಅರವತ್ತು ಎಪ್ಪತ್ತರಷ್ಟು ತಾಮ್ರ, ಉಳಿದದ್ದು ಸತು. ಕಂದುಹಳದಿಯಾಗಿದ್ದು, ಬೆರಳಿನಿಂದ ಮಿಡಿದರೆ ಗಂಟೆಯಂತೆ ಮೊಳಗುತ್ತ ನಿಲ್ಲದಿದ್ದರೆ ಕಂಚು: ಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ. ತಾಮ್ರದ ಸದ್ದು ಮಂದ. ಇಲ್ಲಿ ಬೇಕಾದ್ದು ಒಳ್ಳೆಯ ಕಿವಿ. ಹಿತ್ತಾಳೆ ಕಿವಿಯವನು ಈ ವ್ಯಾಪಾರದಲ್ಲಿ ಬಹಳ ದಿನ ಬಾಳುವುದಿಲ್ಲ. ಅನಂತರ ವಜಾ. ಒಳಗೆ ಗಡಸು ನೀರಿನ ಸುಣ್ಣ ಗಟ್ಟಿಯಾಗಿ ಕೂತಿದ್ದರೆ ಸುತ್ತಿಗೆಯಿಂದ ತಟ್ಟಿ ಉದುರಿಸುತ್ತಾರೆ. ತೂತಿಗೆ ಸೀಸದ ಒಟ್ಟು ಹಾಕಿದ್ದರೆ, ಎಂಸೀಲ್ ಮೆತ್ತಿದ್ದರೆ ಅದಕ್ಕಿಷ್ಟು, ಕಲಾಯಿ ಇದ್ದರೆ ಇಷ್ಟು ಎಂದು ಕಳೆಯುತ್ತಾರೆ. ಮಾರುವವರು ಮನೆಯಲ್ಲೇ ಬಳೆ ಬಿಚ್ಚಿ, ಸುಣ್ಣ ಕೆರೆದು, ಒಮ್ಮೆ ತೂಗಿ ತಂದಿದ್ದರೆ ಈ ಕಳೆಯುವ ಮಾತು ಬೇಗ ಮುಗಿಯುತ್ತದೆ.

ಕಣ್ಣು ಮೋಸಹೋಗುವುದು ಹೊಸ ಸಾಮಾನುಗಳಲ್ಲಿ. ತಾಮ್ರದ ತಳವೆಂದು ಮಾರಿದ ಸ್ಟೀಲು ಪಾತ್ರೆಗಳಲ್ಲಿ ತಾಮ್ರ ತೆಳು ಪೊರೆ ಮಾತ್ರ, ಅವು ಸ್ಟೀಲಿನ ದರಕ್ಕೇ ಹೋಗುತ್ತವೆ. ಕೆಲವು ತಂತಿಗಳಲ್ಲಿ ಹೊರಗೆ ತಾಮ್ರ, ಒಳಗೆ ಅಲ್ಯೂಮಿನಿಯಂ. ತುದಿಯನ್ನು ಕತ್ತರಿಸಿ ನೋಡಿದರೆ ಬಿಳುಪು ಕಾಣುತ್ತದೆ. ಕೈಯಲ್ಲಿ ಹಿಡಿದರೂ ಗೊತ್ತಾದೀತು: ಒಂದು ಘನ ಸೆಂಟಿಮೀಟರ್ ತಾಮ್ರ ಸುಮಾರು 9 ಗ್ರಾಂ, ಅಲ್ಯೂಮಿನಿಯಂ 2.7.

ತಂತಿಯ ಕಥೆ ಬೇರೆಯದೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 148 ಕಿಲೋಮೀಟರ್ ದೂರ ವಿದ್ಯುತ್ ಹರಿದದ್ದು ತಾಮ್ರದ ತಂತಿಯಲ್ಲಿ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಪಾತ್ರೆಯಾಗಿ ಮನೆ ಬಿಡುತ್ತಿದ್ದ ತಾಮ್ರ ಮುಂದೆ ಗೋಡೆಯೊಳಗಿನ ವೈರಾಗಿ, ಫ್ಯಾನು ಮಿಕ್ಸಿಗಳ ಸುರುಳಿಯಾಗಿ, ಫ್ರಿಜ್ಜಿನ ಕೊಳವೆಯಾಗಿ ಮರಳಿ ಬಂತು. ಆದರೆ ಎಲ್ಲ ಹಳೆ ಮನೆಯ ವೈರಿನಲ್ಲೂ ತಾಮ್ರವಿರುತ್ತದೆಂದು ನಂಬಿದರೆ ನಿರಾಸೆಯಾದೀತು. ವಿದೇಶಿ ವಿನಿಮಯದ ಬಿಕ್ಕಟ್ಟಿನ ಕಾಲದಲ್ಲಿ ಆಮದು ತಾಮ್ರವನ್ನು ಉಳಿಸಲು ಸರ್ಕಾರ ಅಲ್ಯೂಮಿನಿಯಂ ತಂತಿಗೆ ಒತ್ತು ಕೊಟ್ಟಿದ್ದರಿಂದ 1960–80ರ ನಡುವೆ ಕಟ್ಟಿದ ಅನೇಕ ಮನೆಗಳ ಗೋಡೆಯಲ್ಲಿರುವುದು ಅದೇ.

ದೊಡ್ಡ ಮಾರುಕಟ್ಟೆಯಲ್ಲಿ ಈ ಎಲ್ಲಕ್ಕೂ ದರ್ಜೆಗಳಿವೆ. ಅಮೆರಿಕದ ಗುಜರಿ ವ್ಯಾಪಾರಿಗಳ ಸಂಘ ರೂಪಿಸಿದ, ಬೇರೆ ದೇಶಗಳೂ ಬಳಸುವ ಪಟ್ಟಿಯಲ್ಲಿ ಹೊಳೆಯುವ ಬರಿ ತಂತಿಗೆ ‘ಬಾರ್ಲಿ’, ದಪ್ಪ ಶುದ್ಧ ತುಂಡು ಮತ್ತು ಕೊಳವೆಗೆ ‘ಕ್ಯಾಂಡಿ’, ತೆಳು ತಗಡಿಗೆ ‘ಡ್ರೀಮ್’, ಹಳದಿ ಹಿತ್ತಾಳೆಗೆ ‘ಹನಿ’ ಎಂಬ ಹೆಸರುಗಳಿವೆ. ದಿನಸಿ ಅಂಗಡಿಯ ಚೀಟಿಯಂತಿದೆ. ತೆಳು ತಾಮ್ರದಲ್ಲಿ ನೂರಕ್ಕೆ 88 ಪಾಲಾದರೂ ತಾಮ್ರವಿರಬೇಕು, ಎರಡನೇ ದರ್ಜೆಯಲ್ಲಿ 94. ಕಲಾಯಿ ಹಾಕಿದ, ಬೆಸುಗೆಯಿರುವ ಪಾತ್ರೆ ಎಷ್ಟೇ ದಪ್ಪವಿದ್ದರೂ ಮೊದಲ ದರ್ಜೆಗೆ ಸೇರದು. ಬೆಂಗಳೂರಿನ ಅಂಗಡಿಯವನು ಹಂಡೆಗೆ ತಂತಿಗಿಂತ ಕಡಿಮೆ ದರ ಹೇಳಿದರೆ ಅದು ಬರೀ ಚೌಕಾಸಿಯಲ್ಲ, ಅದರ ಹಿಂದೆ ಈ ಕಟ್ಟಳೆಯೂ ಇದೆ.

ದಿನದ ದರ ನಿಲ್ಲುವುದು 1877ರಲ್ಲಿ ಶುರುವಾದ ಲಂಡನ್ ಲೋಹ ವಿನಿಮಯ ಕೇಂದ್ರದ ಮೇಲೆ. ಅಲ್ಲಿ ಇಂದಿಗೂ ನಡೆಯುವ ಮೂರು ತಿಂಗಳ ವಾಯಿದೆ ಚಿಲಿಯ ತಾಮ್ರ ಹಡಗಿನಲ್ಲಿ ಇಂಗ್ಲೆಂಡ್ ಮುಟ್ಟಲು ಹಿಡಿಯುತ್ತಿದ್ದ ಕಾಲದ ಪಳೆಯುಳಿಕೆ. 2008ರ ಮಧ್ಯದಲ್ಲಿ ಟನ್ನಿಗೆ 8,000 ಡಾಲರ್ ದಾಟಿದ್ದ ತಾಮ್ರ ಡಿಸೆಂಬರ್ ಹೊತ್ತಿಗೆ 3,000ಕ್ಕಿಂತ ಕೆಳಗಿಳಿಯಿತು. 2011ರ ಫೆಬ್ರುವರಿಯಲ್ಲಿ 10,000 ದಾಟಿತು. ದಾಸ್ತಾನು ಹಿಡಿದು ಕೂರುವ ವ್ಯಾಪಾರಿಗೆ ಇಂಥ ಏರಿಳಿತದಲ್ಲಿ ಒಂದೋ ಹಬ್ಬ, ಇಲ್ಲವೇ ದಿವಾಳಿ. 2018ರ ಮೇ ತಿಂಗಳಲ್ಲಿ ಪ್ರತಿಭಟನೆಕಾರರ ಮೇಲೆ ಗೋಲಿಬಾರ್ ನಡೆದ ಬಳಿಕ ತೂತುಕುಡಿಯ ತಾಮ್ರದ ಕಾರ್ಖಾನೆ ಮುಚ್ಚಿ, ತಾಮ್ರ ರಫ್ತು ಮಾಡುತ್ತಿದ್ದ ಭಾರತ ಆಮದು ಮಾಡಿಕೊಳ್ಳತೊಡಗಿತು. ಹಳೆ ತಾಮ್ರದ ಬೇಡಿಕೆ ಇಳಿಯುವ ಲಕ್ಷಣವಿಲ್ಲ.

ಬೇಡಿಕೆಗೆ ಕೊಳಕು ಮುಖವೂ ಉಂಟು. ವೈರಿನ ಪ್ಲಾಸ್ಟಿಕ್ ಸುಲಿಯುವ ಬದಲು ಸುಟ್ಟರೆ ಕೆಲಸ ಬೇಗ ಆಗುತ್ತದೆ. ಆದರೆ ಪಿವಿಸಿ ಉರಿದಾಗ ಬರುವ ಆಮ್ಲದ ಹೊಗೆ, ಡಯಾಕ್ಸಿನ್ ವಿಷ ಮೊದಲು ಹೊಗುವುದು ಸುಡುವವನ ಎದೆಯನ್ನೇ. ಹೀಗೆ ಸುಟ್ಟ ತಂತಿ ಕಪ್ಪಾಗಿ, ಹೊಳಪು ಕಳೆದುಕೊಂಡು, ದರ್ಜೆಯಲ್ಲೂ ಇಳಿಯುತ್ತದೆ. ವಿದ್ಯುನ್ಮಾನ ತ್ಯಾಜ್ಯಕ್ಕೆ ಭಾರತದಲ್ಲಿ 2011ರಲ್ಲಿ ಪ್ರತ್ಯೇಕ ನಿಯಮ ಬಂತು. 2024ರ ಅಕ್ಟೋಬರ್‌ನಿಂದ ನೋಂದಣಿಯಿಲ್ಲದವರಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ವ್ಯಾಪಾರಿಯೇ ಜಿಎಸ್‌ಟಿ ಕಟ್ಟಬೇಕು. ದೇವಸ್ಥಾನದ ಗಂಟೆ, ಟ್ರಾನ್ಸ್‌ಫಾರ್ಮರಿನ ಸುರುಳಿ ಕಳುವಾದಾಗ ಪೊಲೀಸರು ಮೊದಲು ಬರುವುದು ಗುಜರಿ ಅಂಗಡಿಗೆ. ಹಾಗಾಗಿ ಎಚ್ಚರದ ವ್ಯಾಪಾರಿ ಗುರುತಿಲ್ಲದವರು ತಂದ ತಾಮ್ರಕ್ಕೆ ಗುರುತಿನ ಚೀಟಿ ಕೇಳುತ್ತಾನೆ.

ಕೊಂಡ ಹಂಡೆಯನ್ನು ಸಾಗಾಟದಲ್ಲಿ ಜಾಗ ಉಳಿಯಲೆಂದು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಾರೆ. ಕಂಠದ ಮೇಲಿನ ಹೆಸರು, ಮದುವೆಯ ದಿನಾಂಕ ಮಡಿಕೆಯೊಳಗೆ ಸೇರುತ್ತವೆ. 1,085 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಮ್ರ ಕರಗುತ್ತದೆ, ತವರ ಸತುಗಳ ಕಲಬೆರಕೆಯನ್ನು ಶುದ್ಧೀಕರಣದಲ್ಲಿ ತೆಗೆಯುತ್ತಾರೆ. ವಿದ್ಯುತ್ತಿಗೆ ಬೇಕಾದಷ್ಟು ಶುದ್ಧವಾಗದಿದ್ದರೆ ಆ ಲೋಹ ಹಿತ್ತಾಳೆಗೋ ಮತ್ತೊಂದು ಪಾತ್ರೆಗೋ ಹೋಗುತ್ತದೆ. ಎಲ್ಲ ಹಂಡೆಗಳಿಗೂ ಈಗ ಸುತ್ತಿಗೆಯ ಪೆಟ್ಟು ಬೀಳುತ್ತಿಲ್ಲ. ಹೋಟೆಲಿನ ಅಂಗಳ, ಹೊಸ ಮನೆಯ ಪಡಸಾಲೆಗಳಲ್ಲಿ ಹಳೆ ಹಂಡೆ, ಕೊಪ್ಪರಿಗೆಗಳಿಗೆ ಜಾಗ ಸಿಕ್ಕಿದೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮ, ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಮನೆಸಾಮಾನಿಗೆ ಗಾಜಿನ ಕಪಾಟೂ ದೊರೆತಿದೆ. ಜಾಣ ಗುಜರಿಯವನು ದಪ್ಪಗಿರುವ, ಆಕಾರ ಕೆಡದ, ಹೆಸರು ಕೊರೆದಿರುವ ಹಂಡೆಯನ್ನು ಬೇರೆಯಾಗಿ ಎತ್ತಿಟ್ಟು ಹಳೆ ಸಾಮಾನಿನ ಅಂಗಡಿಗೆ ಫೋನು ಮಾಡುತ್ತಾನೆ. ಅಲ್ಲಿ ದರ ಕಿಲೋ ಲೆಕ್ಕದಲ್ಲಿಲ್ಲ. ಮನೆಯವರು ಒಳ್ಳೆಯ ಬೆಲೆ ಬರಲೆಂದು ಹುಣಿಸೆಹಣ್ಣು ಹಾಕಿ ಫಳಫಳ ತಿಕ್ಕಿ ತಂದಿದ್ದರೆ, ಅಲ್ಲಿನವರು ಬೆಲೆ ಇಳಿಸುತ್ತಾರೆ. ಅವರಿಗೆ ಬೇಕಾದ್ದು ಕಿಲುಬು.